ಕೂಡಿದ್ದೆಲ್ಲ ಹೊಂದುವುದೇ? – ಗಣಕದ ರ್‍ಯಾಮ್ ಕೊಳ್ಳುವವರಿಗೆ ಒಂದು ಮಾತು

ಕೀಲಿಯು ಬೀಗದೊಳಕ್ಕೆ ಹೋದ ಮಾತ್ರಕ್ಕೆ ಬೀಗ ತೆರೆಯುವುದೆಂದು ನಾವಾರೂ ನಂಬುವುದಿಲ್ಲ. ಆದರೆ ಗಣಕಯಂತ್ರದ ವಿಷಯ ಬಂದಾಗ ನಮ್ಮಲ್ಲಿ ಅನೇಕರು ಇಂಥದೇ ನಂಬಿಕೆಯಿಂದ ಹಣ ತೆರುತ್ತಾರೆ. ಮದರ್‌ಬೋರ್ಡಿನ ಮೇಲೆ ಒಂದು ಸ್ಲಾಟು ಖಾಲಿಯಿದೆ. ಅಂಗಡಿಯಲ್ಲಿ ಒಂದು ರ್‍ಯಾಮ್ ಸ್ಟಿಕ್ ಇದೆ. ಅದನ್ನು ಇದರೊಳಗೆ ಸಿಕ್ಕಿಸಿದರೆ ಆಟಗಳು ಸರಾಗವಾಗಿ ಓಡುವುವು ಎಂಬುದು ಅವರ ತರ್ಕ. ಈ ತರ್ಕ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿದ್ಯಾರ್ಥಿ ಮಿತ್ರರೊಡನೆ ವಿಚಾರ ಮಾಡಬೇಕೆಂದಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು: ಹೊಂದಾಣಿಕೆಯು ಸ್ಲಾಟಿನ ಆಕಾರದಿಂದಾಗಲಿ ಅಂಗಡಿಯವರ ಮಾತಿನಿಂದಾಗಲಿ ತೀರ್ಮಾನವಾಗತಕ್ಕದ್ದಲ್ಲ, ಕೊಳ್ಳುವವನು ತಾನೇ ಓದಿ, ಹೋಲಿಸಿ, ಪರೀಕ್ಷಿಸಿ ತೀರ್ಮಾನಿಸತಕ್ಕದ್ದು.

ಬೇತಮಂಗಲದಂಥ ಊರಿನ ವಿದ್ಯಾರ್ಥಿಗೆ ಇದು ಬರಿಯ ತತ್ತ್ವದ ಮಾತಲ್ಲ. ಅವನ ಗಣಕವು ಬಹುಮಟ್ಟಿಗೆ ಯಾವುದೋ ಕಚೇರಿಯಲ್ಲಿ ದುಡಿದು ಬಿಡುವಾದ ಹಳೆಯ ಯಂತ್ರ. ಅಥವಾ ತಂದೆತಾಯಿಗಳು ಕಷ್ಟಪಟ್ಟು ಕೂಡಿಸಿದ ಹಣದಲ್ಲಿ ಕೊಂಡ ಅಗ್ಗದ ಯಂತ್ರ. ಹಗಲು ಪಾಠಕ್ಕೂ ಸಂಜೆ ಆಟಕ್ಕೂ ಅದೊಂದೇ ಆಧಾರ. ಅದಕ್ಕೆ ಬೇಕಾದ ಬಿಡಿಭಾಗವನ್ನು ಕೆ.ಜಿ.ಎಫ್.ನಲ್ಲೋ ಬಂಗಾರಪೇಟೆಯಲ್ಲೋ ಹುಡುಕಬೇಕು. ಅಲ್ಲಿ ದೊರೆಯದಿದ್ದರೆ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು. ಹೊಂದದ ಸ್ಟಿಕ್ ತಂದರೆ ಹಣದೊಡನೆ ಒಂದು ದಿನವೂ ರೈಲಿನ ಚಾರ್ಜೂ ವ್ಯರ್ಥವಾದಂತೆ. ಸಾಲದುದಕ್ಕೆ, ೨೦೨೫ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನ ಎಲ್ಲೆಡೆ ರ್‍ಯಾಮ್ ಚಿಪ್ಪುಗಳ ಬೆಲೆ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಗಣಕಾಗಾರಗಳ ಬೇಡಿಕೆಯೇ ಇದಕ್ಕೆ ಮುಖ್ಯ ಕಾರಣ. ಬೆಲೆ ಏರಿದಷ್ಟೂ ತಪ್ಪಿನ ದಂಡವೂ ಏರುವುದು.

ಹೊಂದಾಣಿಕೆಯ ಪಾಠ ಈ ಸೀಮೆಗೆ ಹೊಸದೇನೂ ಅಲ್ಲ. ೧೯೦೨ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ದೂರ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದು ಸೆಕೆಂಡಿಗೆ ೨೫ ಆವರ್ತಗಳ ವಿದ್ಯುತ್ತು. ೧೯೪೮ರಲ್ಲಿ ಕೆಲಸ ಆರಂಭಿಸಿದ ಜೋಗದ ವಿದ್ಯುದಾಗಾರವಾದರೋ ೫೦ ಆವರ್ತಗಳದು. ಎರಡೂ ವಿದ್ಯುತ್ತೇ, ಎರಡೂ ಲೋಹದ ತಂತಿಯಲ್ಲೇ ಹರಿಯತಕ್ಕವು. ಆದರೆ ೨೫ ಆವರ್ತಗಳಿಗೆಂದು ಕಟ್ಟಿದ ಮೋಟಾರಿಗೆ ೫೦ ಆವರ್ತಗಳ ವಿದ್ಯುತ್ತನ್ನು ಕೊಟ್ಟರೆ ಅದು ತನ್ನ ನಿಯತ ವೇಗದ ಇಮ್ಮಡಿಯಲ್ಲಿ ತಿರುಗಲು ಹವಣಿಸುವುದು. ಎರಡು ಜಾಲಗಳನ್ನು ಒಂದಾಗಿಸಬೇಕಾದರೆ ನಡುವೆ ಆವರ್ತವನ್ನು ಬದಲಿಸುವ ಯಂತ್ರ ಬೇಕು. ತಂತಿ ಸೇರಿತೆಂದ ಮಾತ್ರಕ್ಕೆ ಯಂತ್ರ ಒಪ್ಪಿತೆಂದು ಅರ್ಥವಲ್ಲ. ಆದುದರಿಂದಲೇ ಪ್ರತಿ ಮೋಟಾರಿನ ಮೈಮೇಲೂ ಅದರ ವೋಲ್ಟು, ಆವರ್ತ, ವೇಗಗಳನ್ನು ಕೆತ್ತಿದ ಒಂದು ಫಲಕವಿರುವುದು. ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಆದರೆ ಫಲಕವನ್ನು ಓದಿ ಆಮೇಲೆ ತಂತಿ ಸೇರಿಸುವ ವಿವೇಕವು ಮುಚ್ಚಿಹೋಗಬೇಕಾಗಿಲ್ಲ. ರ್‍ಯಾಮ್ ಸ್ಟಿಕ್ಕಿನ ಮೇಲಿನ ಚೀಟಿಯೂ ಅಂಥದೇ ಒಂದು ಫಲಕ.

ಆ ಚೀಟಿಯಲ್ಲಿ ಬರೆದಿರುವುದು ಏಕೆ ಮುಖ್ಯವೆಂದು ತಿಳಿಯಲು ರ್‍ಯಾಮಿನ ಒಳಗುಟ್ಟನ್ನು ಸ್ವಲ್ಪ ನೋಡಬೇಕು. ಅದರಲ್ಲಿ ಕೋಟ್ಯಂತರ ಕಿರುಕೋಶಗಳಿವೆ. ಒಂದೊಂದರಲ್ಲೂ ಒಂದು ಟ್ರಾನ್ಸಿಸ್ಟರು, ಒಂದು ಧಾರಕ. ಅಮೆರಿಕದ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬ ಇಂಜಿನಿಯರಿಗೆ ೧೯೬೮ರಲ್ಲಿ ಈ ಕೋಶದ ಪೇಟೆಂಟು ದೊರೆಯಿತು. ಧಾರಕದಲ್ಲಿ ವಿದ್ಯುದಾವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ತೂತುಬಿದ್ದ ಕೊಡದಂತೆ ಆ ಆವೇಶ ಸೋರುತ್ತಲೇ ಇರುವುದು. ಆದುದರಿಂದ ಸಾಮಾನ್ಯವಾಗಿ ೬೪ ಮಿಲಿಸೆಕೆಂಡುಗಳೊಳಗೆ ಪ್ರತಿ ಕೋಶವನ್ನೂ ಮತ್ತೆ ತುಂಬಬೇಕು. ಯಾವ ಸಾಲನ್ನು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನೆಲ್ಲ ನಡೆಸುವ ನಿಯಂತ್ರಕವು ಇಂದಿನ ಯಂತ್ರಗಳಲ್ಲಿ ಪ್ರೊಸೆಸರಿನೊಳಗೇ ಇದೆ. ಆ ನಿಯಂತ್ರಕವೂ ರ್‍ಯಾಮೂ ಒಂದೇ ತಾಳಕ್ಕೆ ಕುಣಿಯದಿದ್ದರೆ ಗಣಕವು ಏಳುವುದೇ ಇಲ್ಲ; ಎದ್ದರೂ ಆಟದ ನಡುವೆ ಕುಸಿದು ಬೀಳುವುದು.

ಮೊದಲು ನೋಡಬೇಕಾದುದು ತಲೆಮಾರು. ಡಿಡಿಆರ್ ೩ಕ್ಕೆ ೧.೫ ವೋಲ್ಟು, ೨೪೦ ಪಿನ್ನು. ಡಿಡಿಆರ್ ೪ಕ್ಕೆ ೧.೨ ವೋಲ್ಟು, ೨೮೮ ಪಿನ್ನು. ಡಿಡಿಆರ್ ೫ಕ್ಕೆ ೧.೧ ವೋಲ್ಟು, ಪಿನ್ನು ಮತ್ತೆ ೨೮೮. ಕೊನೆಯ ಎರಡರಲ್ಲಿ ಪಿನ್ನುಗಳ ಎಣಿಕೆ ಒಂದೇ ಆದರೂ ಸ್ಟಿಕ್ಕಿನ ಅಂಚಿನಲ್ಲಿರುವ ಕಚ್ಚಿನ ಸ್ಥಾನ ಬೇರೆ. ತಪ್ಪಿ ತೂರಿಸಬಾರದೆಂದೇ ಹಾಗೆ ಮಾಡಿದ್ದಾರೆ. ಬಲವಂತದಿಂದ ಒತ್ತಿದರೆ ಸ್ಲಾಟು ಮುರಿಯುವುದೇ ಹೊರತು ಫಲವಿಲ್ಲ. ಪ್ರೊಸೆಸರಿನ ಹೆಸರೊಂದನ್ನೇ ನಂಬಿಯೂ ಕೊಳ್ಳಲಾಗದು. ಇಂಟೆಲ್ಲಿನ ಹನ್ನೆರಡನೆಯ ಪೀಳಿಗೆಯ ಪ್ರೊಸೆಸರುಗಳು ಡಿಡಿಆರ್ ೪, ಡಿಡಿಆರ್ ೫ ಎರಡನ್ನೂ ಬಲ್ಲವು. ಆದರೆ ಅವುಗಳಿಗೆ ತಯಾರಾದ ಬೋರ್ಡುಗಳಲ್ಲಿ ಕೆಲವಕ್ಕೆ ಮೊದಲನೆಯದು ಬೇಕು, ಕೆಲವಕ್ಕೆ ಎರಡನೆಯದು. ಇನ್ನು ಲ್ಯಾಪ್‌ಟಾಪಿನ ಸ್ಟಿಕ್ಕು ಗಿಡ್ಡ. ಅದು ಮೇಜಿನ ಗಣಕಕ್ಕೆ ಬಾರದು.

ಇಷ್ಟರವರೆಗೆ ಆಕಾರವೇ ನಮ್ಮನ್ನು ಕಾಪಾಡುವುದು. ಆಕಾರ ಕೂಡಿಯೂ ಕೆಲಸ ಕೂಡದ ಪ್ರಸಂಗಗಳೇ ಅಪಾಯಕರ. ಸರ್ವರುಗಳಿಂದ ಕಳಚಿದ ಹಳೆಯ ರ್‍ಯಾಮು ಪೇಟೆಯಲ್ಲಿ ಅಗ್ಗವಾಗಿ ದೊರೆಯುವುದುಂಟು. ಇದರಲ್ಲಿ ‘ರಿಜಿಸ್ಟರ್ಡ್’ ಎಂಬ ಜಾತಿಯಿದೆ. ಡಿಡಿಆರ್ ೪ರ ಈ ಜಾತಿಯ ಸ್ಟಿಕ್ಕಿಗೂ ಸಾಮಾನ್ಯ ಸ್ಟಿಕ್ಕಿಗೂ ಪಿನ್ನುಗಳು ಒಂದೇ, ಕಚ್ಚೂ ಒಂದೇ. ಸ್ಲಾಟಿನಲ್ಲಿ ಸರಿಯಾಗಿ ಕುಳಿತೂಬಿಡುವುದು. ಆದರೆ ಅದರ ಆಜ್ಞೆಗಳು ನಡುವೆ ಇನ್ನೊಂದು ಚಿಪ್ಪಿನ ಮೂಲಕ ಸಾಗಬೇಕಾಗಿರುವುದರಿಂದ ಮನೆಯ ಸಾಧಾರಣ ಗಣಕದ ನಿಯಂತ್ರಕಕ್ಕೆ ಅದರೊಡನೆ ವ್ಯವಹರಿಸಲು ಬಾರದು. ಪರದೆ ಕಪ್ಪಾಗಿಯೇ ಉಳಿಯುವುದು. ಗಾತ್ರದ ಮಿತಿಯೂ ಹೀಗೆಯೇ. ಎಚ್ ೬೧ ಎಂಬ ಹಳೆಯ ಚಿಪ್‌ಸೆಟ್ಟಿನ ಬೋರ್ಡುಗಳು ಒಟ್ಟು ೧೬ ಜಿಬಿಗಿಂತ ಹೆಚ್ಚನ್ನು ಸ್ವೀಕರಿಸವು. ಅಂಥ ಬೋರ್ಡಿಗೆ ೩೨ ಜಿಬಿ ಕೊಳ್ಳುವುದೆಂದರೆ ಸೇರಿನ ಪಾತ್ರೆಗೆ ಎರಡು ಸೇರು ಹಾಲು ಅಳೆಸಿದಂತೆ.

ವೇಗದ ವಿಷಯದಲ್ಲಿ ಮಾತ್ರ ಯಂತ್ರಕ್ಕೆ ಸ್ವಲ್ಪ ಔದಾರ್ಯವಿದೆ. ೩೨೦೦ರ ಸ್ಟಿಕ್ಕನ್ನು ೨೪೦೦ರ ಸ್ಟಿಕ್ಕಿನೊಡನೆ ಹಾಕಿದರೆ ಸಾಮಾನ್ಯವಾಗಿ ಎರಡೂ ೨೪೦೦ರಲ್ಲಿ ನಡೆಯುವುವು. ಜೋಡೆತ್ತಿನಲ್ಲಿ ನಿಧಾನದ ಎತ್ತೇ ನೇಗಿಲಿನ ವೇಗವನ್ನು ನಿರ್ಣಯಿಸುವಂತೆ. ಹೆಚ್ಚಿನ ವೇಗಕ್ಕೆ ತೆತ್ತ ಹಣ ಅಲ್ಲಿಗೆ ವ್ಯರ್ಥ. ಚೀಟಿಯ ಮೇಲೆ ೩೬೦೦ ಎಂದಿದ್ದರೂ ಗಣಕವು ೨೪೦೦ ಅಥವಾ ೨೬೬೬ ಎಂದು ತೋರಿಸಿದರೆ ಗಾಬರಿಯಾಗಬೇಕಾಗಿಲ್ಲ. ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬ ಏರ್ಪಾಟನ್ನು ಆನ್ ಮಾಡುವವರೆಗೆ ಅದು ಮೂಲ ವೇಗದಲ್ಲೇ ನಡೆಯುವುದು. ಬೋರ್ಡಾಗಲಿ ಪ್ರೊಸೆಸರಾಗಲಿ ಆ ವೇಗವನ್ನು ಒಪ್ಪದಿದ್ದರೆ ಮೂಲ ವೇಗಕ್ಕೇ ತೃಪ್ತರಾಗಬೇಕು.

ಹೊಸ ರ್‍ಯಾಮು ನಿಜವಾಗಿ ಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳತಕ್ಕದ್ದು. ಆಟ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿರಿ. ಇರುವ ರ್‍ಯಾಮು ತುಂಬಿ ತುಳುಕುತ್ತಿದ್ದರೆ ಹೊಸದು ಉಪಯೋಗಕ್ಕೆ ಬರುವುದು. ಅರ್ಧವೂ ತುಂಬದಿದ್ದರೆ ಗಾತ್ರದ ಕೊರತೆಯಂತೂ ಅಲ್ಲ, ಆಟದ ತೊಡಕಿಗೆ ಕಾರಣ ಬೇರೆ ಕಡೆ ಇದೆ. ಒಂದೇ ಸ್ಟಿಕ್ ಇರುವ ಯಂತ್ರದ ಮಾತು ಸ್ವಲ್ಪ ಬೇರೆ. ೩೨೦೦ರ ಒಂದು ಸ್ಟಿಕ್ಕು ಸೆಕೆಂಡಿಗೆ ಹೆಚ್ಚೆಂದರೆ ೨೫.೬ ಜಿಬಿ ಮಾಹಿತಿಯನ್ನು ಸಾಗಿಸಬಲ್ಲದು. ಅಂಥವೆರಡು ಸರಿಯಾದ ಸ್ಲಾಟುಗಳಲ್ಲಿದ್ದು ಎರಡು ದಾರಿಗಳಲ್ಲಿ ಕೆಲಸ ಮಾಡಿದರೆ ೫೧.೨ ಜಿಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಅಗ್ಗದ ಗಣಕದಲ್ಲಿ ಚಿತ್ರಗಳ ಕೆಲಸಕ್ಕೂ ಈ ರ್‍ಯಾಮೇ ಆಧಾರವಾದ್ದರಿಂದ ಅಲ್ಲಿ ಎರಡನೆಯ ಸ್ಟಿಕ್ಕಿನ ಪ್ರಯೋಜನ ಕಣ್ಣಿಗೆ ಕಾಣುವಷ್ಟಿರುವುದು.

ಹಾಗಾದರೆ ಮಾಡತಕ್ಕದ್ದೇನು? ಪೇಟೆಗೆ ಹೊರಡುವ ಮುನ್ನ ಬೋರ್ಡಿನ ಹೆಸರನ್ನೂ ಮಾದರಿಯ ಸಂಖ್ಯೆಯನ್ನೂ ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿರಿ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಇದನ್ನೂ, ಈಗಿರುವ ಸ್ಟಿಕ್ಕಿನ ತಲೆಮಾರು, ಗಾತ್ರ, ವೇಗಗಳನ್ನೂ ತೋರಿಸುವುದು. ಬೋರ್ಡಿನ ಕೈಪಿಡಿಯಲ್ಲಿ ಸ್ಲಾಟೊಂದಕ್ಕೆ ಎಷ್ಟು, ಒಟ್ಟು ಎಷ್ಟು ಎಂಬುದನ್ನು ಓದಿರಿ. ತಯಾರಕರು ತಾವು ಪರೀಕ್ಷಿಸಿದ ಸ್ಟಿಕ್ಕುಗಳ ಪಟ್ಟಿಯನ್ನು ಪ್ರಕಟಿಸಿದ್ದರೆ ಅದನ್ನೂ ನೋಡಿರಿ. ಪಟ್ಟಿಯಲ್ಲಿಲ್ಲದ್ದೆಲ್ಲ ಹೊಂದದೆಂದಲ್ಲ, ಪಟ್ಟಿಯಲ್ಲಿರುವುದಕ್ಕೆ ಭರವಸೆ ಹೆಚ್ಚು. ಮನೆಗೆ ತಂದ ಮೇಲೆ ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ಗಣಕದ ಲೋಹದ ಮೈಯನ್ನು ಮುಟ್ಟಿ ದೇಹದ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಅಂಚುಗಳನ್ನು ಹಿಡಿದು ಸ್ಟಿಕ್ಕನ್ನು ಕೂರಿಸಿರಿ. ಗಣಕ ಎದ್ದಿತೆಂದು ಅಲ್ಲಿಗೇ ನಿಲ್ಲಬಾರದು. ಮೆಮ್‌ಟೆಸ್ಟ್ ೮೬ರಂಥ ಪರೀಕ್ಷಾ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ, ಒಂದು ತಪ್ಪೂ ಬರಲಿಲ್ಲವೆಂದು ಖಚಿತಪಡಿಸಿಕೊಳ್ಳಿರಿ.

‘ಇಷ್ಟೆಲ್ಲ ಗೋಜೇಕೆ? ಅನುಭವವುಳ್ಳ ಅಂಗಡಿಯವರೇ ನೋಡಿಕೊಳ್ಳುವರಲ್ಲ’ ಎಂದು ಕೆಲವರು ಕೇಳಬಹುದು. ಅಂಗಡಿಯವರ ಅನುಭವವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಅವರು ಬಲ್ಲುದು ತಮ್ಮ ಸರಕನ್ನು. ನಿಮ್ಮ ಮನೆಯ ಯಂತ್ರದ ಒಳಗನ್ನಲ್ಲ. ‘ನನ್ನ ಗಣಕಕ್ಕೆ ರ್‍ಯಾಮ್ ಕೊಡಿ’ ಎಂದು ಕೇಳುವವನಿಗೆ ಪ್ರಾಮಾಣಿಕನಾದ ಅಂಗಡಿಯವನೂ ಊಹೆಯಿಂದಲೇ ಉತ್ತರ ಕೊಡಬೇಕಾಗುವುದು. ಬೇಕಾದುದನ್ನು ಬರೆದುಕೊಂಡು ಬಂದವನಿಗೆ ಸರಿಯಾದ ವಸ್ತು ದೊರೆಯುವುದು ಸುಲಭ. ಇದಕ್ಕೆ ಪ್ರತಿಯಾಗಿ ಮಾರುವವರೂ ಒಂದು ಕೆಲಸ ಮಾಡಬೇಕೆಂದು ನಮ್ಮ ಅಭಿಮತ: ಬಿಲ್ಲಿನಲ್ಲಿ ಬರಿಯ ‘ರ್‍ಯಾಮ್ ೮ ಜಿಬಿ’ ಎಂದು ಬರೆಯದೆ ತಲೆಮಾರು, ವೇಗ, ಮಾದರಿ ಸಂಖ್ಯೆಗಳನ್ನು ನಮೂದಿಸಲಿ, ಹೊಸದಾಗಲಿ ಹಳೆಯದಾಗಲಿ, ಪರೀಕ್ಷೆಯಲ್ಲಿ ಸೋತ ಸ್ಟಿಕ್ಕನ್ನು ಗೊತ್ತಾದ ದಿನಗಳೊಳಗೆ ಹಿಂದಕ್ಕೆ ಪಡೆಯುವುದಾಗಿ ಅದೇ ಬಿಲ್ಲಿನಲ್ಲಿ ಬರೆದುಕೊಡಲಿ.

ಶಾಲೆ ಕಾಲೇಜುಗಳ ಕರ್ತವ್ಯವೂ ಇದರಲ್ಲಿ ಉಂಟು. ಗಣಕ ಕೊಠಡಿಯ ಮೂಲೆಯಲ್ಲಿ ಕೆಟ್ಟು ಕುಳಿತ ಯಂತ್ರವೊಂದಿದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ವಿದ್ಯಾರ್ಥಿಗಳ ಮುಂದಿಟ್ಟು ಬಿಚ್ಚಿಸಲಿ. ರ್‍ಯಾಮಿನ ಚೀಟಿಯನ್ನು ಓದಿಸಲಿ, ಕಚ್ಚನ್ನು ಅಳೆಸಲಿ. ಓಮನ ನಿಯಮವನ್ನು ಬಾಯಿಪಾಠ ಮಾಡಿದ ಹುಡುಗನಿಗೂ ಹುಡುಗಿಗೂ ೧.೫ ವೋಲ್ಟಿಗೂ ೧.೨ ವೋಲ್ಟಿಗೂ ಇರುವ ವ್ಯತ್ಯಾಸದ ಬೆಲೆ ಏನೆಂಬುದು ಅಲ್ಲಿ ಕೈಗೇ ತಿಳಿಯುವುದು. ಯಾರೋ ಹೇಳಿದರೆಂದು ಒಪ್ಪದೆ, ಕಣ್ಣಾರೆ ಓದಿ, ಹೋಲಿಸಿ, ಪರೀಕ್ಷಿಸಿ ನಿರ್ಣಯಕ್ಕೆ ಬರುವುದೇ ವಿಜ್ಞಾನದ ಮಾರ್ಗ. ಅದನ್ನು ಕಲಿಯಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಹಸಿರು ಹಲಗೆಯ ಮೇಲಿನ ಒಂದು ಸಣ್ಣ ಚೀಟಿಯೂ ಸಾಕು; ಅದನ್ನು ಹಣ ಕೊಟ್ಟ ಮೇಲಲ್ಲ, ಕೊಡುವ ಮುಂಚೆ ಓದತಕ್ಕದ್ದು.