ಮುಕ್ತ ತಂತ್ರಾಂಶ ಕೈಪಿಡಿಗಳಲ್ಲಿನ ಮಾದರಿ ಕೋಡ್: ಪರವಾನಗಿ ಕುರಿತು ಅರ್ಜಿದಾರರು ಅರಿಯಬೇಕಾದ ಅಂಶಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದಲ್ಲಿ ತಂತ್ರಾಂಶ ಸಿದ್ಧಪಡಿಸಿ ಅದರ ಕೃತಿಸ್ವಾಮ್ಯವನ್ನು ನೋಂದಾಯಿಸಲು ಇಚ್ಛಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ವಿವರಣೆಯನ್ನು ನೀಡಲಾಗಿದೆ. 1905ರಲ್ಲಿಯೇ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಸ್ಥಾಪನೆಗೊಂಡ ಈ ಜಿಲ್ಲೆಯಲ್ಲಿ ಸಹಕಾರ ಸಂಘಗಳ ಲೆಕ್ಕಪತ್ರ, ಬೆಟಗೇರಿಯ ನೇಕಾರರ ದಾಸ್ತಾನು ಮುಂತಾದ ಕಾರ್ಯಗಳಿಗೆ ತಂತ್ರಾಂಶ ಬರೆಯುವವರು ಮುಕ್ತ ತಂತ್ರಾಂಶಗಳ ಕೈಪಿಡಿಯಲ್ಲಿರುವ ಮಾದರಿ ಕೋಡನ್ನು ಬಳಸಿಕೊಳ್ಳುವುದು ಸಹಜ. ಆದರೆ ಕೈಪಿಡಿಯು ಉಚಿತವಾಗಿ ದೊರೆಯುತ್ತದೆಂಬ ಕಾರಣಕ್ಕೆ ಅದರಲ್ಲಿನ ಮಾದರಿಯೂ ನಿರ್ಬಂಧರಹಿತವೆಂದು ಭಾವಿಸುವುದು ಸರಿಯಲ್ಲ.

ಕಾನೂನಿನ ಸ್ಥಿತಿ

1957ರ ಕೃತಿಸ್ವಾಮ್ಯ ಅಧಿನಿಯಮದ ಅನ್ವಯ ಗಣಕ ಕಾರ್ಯಕ್ರಮವು ಸಾಹಿತ್ಯ ಕೃತಿಯೆಂದು ಪರಿಗಣಿತವಾಗಿದೆ. ಸ್ವಂತಿಕೆಯುಳ್ಳ ಕೋಡ್ ರಚನೆಯಾದೊಡನೆಯೇ ಅದಕ್ಕೆ ರಕ್ಷಣೆ ಪ್ರಾಪ್ತವಾಗುತ್ತದೆ, ನೋಂದಣಿ ಕಡ್ಡಾಯವಲ್ಲ. ಆದುದರಿಂದ ಪರವಾನಗಿಯ ಉಲ್ಲೇಖವಿಲ್ಲದ ಮಾದರಿಯ ಹಕ್ಕುಗಳು ಅದರ ಹಕ್ಕುದಾರರಲ್ಲಿಯೇ ಉಳಿಯುತ್ತವೆ.

ಗದ್ಯ ಮತ್ತು ಕೋಡ್: ಪ್ರತ್ಯೇಕ ಪರವಾನಗಿ

ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶವನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್‌ನ ‘ಸಮಾನ ಹಂಚಿಕೆ’ ಪರವಾನಗಿಯಡಿ ಬಿಡುಗಡೆ ಮಾಡಿತು. ಕರ್ತೃವಿನ ಹೆಸರನ್ನು ನಮೂದಿಸಬೇಕು, ಪರಿಷ್ಕೃತ ಕೃತಿಯನ್ನೂ ಅದೇ ಷರತ್ತಿನಡಿ ಹಂಚಬೇಕು ಎಂಬ ನಿಯಮ ಜ್ಞಾನಕೋಶಕ್ಕೆ ಯುಕ್ತವಾದುದು. ಅದೇ ನಿಯಮ ಹತ್ತು ಸಾಲಿನ ಕೋಡ್‌ಗೆ ಅನ್ವಯಿಸಿದಲ್ಲಿ, ಅದನ್ನು ಒಳಗೊಂಡ ಇಡೀ ತಂತ್ರಾಂಶವನ್ನು ತಮ್ಮದೇ ಷರತ್ತಿನಂತೆ ವಿತರಿಸಬಹುದೇ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಈ ತೊಡಕಿಗೆ ಎಡೆಯಾಗದಂತೆ ಹಲವು ಪ್ರಮುಖ ಕೈಪಿಡಿಗಳು ಮಾದರಿ ಕೋಡ್‌ಗೆ ಉದಾರ ಪರವಾನಗಿಯನ್ನು ಪ್ರತ್ಯೇಕವಾಗಿ ನೀಡಿವೆ:

1. ಮೊಜಿಲ್ಲಾದ ಎಂಡಿಎನ್: 2010ರ ಆಗಸ್ಟ್ 20ರಿಂದ ಸೇರಿಸಲಾದ ಮಾದರಿಗಳು ಸಾರ್ವಜನಿಕ ಸ್ವತ್ತು, ಗದ್ಯಕ್ಕೆ ಸಮಾನ ಹಂಚಿಕೆಯ ಷರತ್ತು.
2. ಪೈಥಾನ್: 2020ರ 3.8.6ನೇ ಆವೃತ್ತಿಯಿಂದ ಮಾದರಿಗಳು ಹೆಸರು ನಮೂದಿಸುವ ಷರತ್ತೂ ಇಲ್ಲದ ‘ಶೂನ್ಯ ಷರತ್ತು ಬಿಎಸ್‌ಡಿ’ ಪರವಾನಗಿಯಡಿ ಸಹ ಲಭ್ಯ.
3. ಗೂಗಲ್‌ನ ಡೆವಲಪರ್ ಕೈಪಿಡಿಗಳು: ಸಾಮಾನ್ಯವಾಗಿ ಮಾದರಿಗಳಿಗೆ ಅಪಾಚೆ 2.0, ವಿತರಿಸುವಾಗ ಪರವಾನಗಿಯ ಪ್ರತಿ ಮತ್ತು ಕೃತಿಸ್ವಾಮ್ಯದ ಸೂಚನೆ ಜೊತೆಗಿರಬೇಕು.

ಭಾರತ ಸರ್ಕಾರವೂ ಆರೋಗ್ಯ ಸೇತುವಿನ ಆಂಡ್ರಾಯ್ಡ್ ಆವೃತ್ತಿಯ ಮೂಲ ಕೋಡನ್ನು 2020ರ ಮೇ 26ರಂದು ಅಪಾಚೆ 2.0 ಅಡಿ ಪ್ರಕಟಿಸಿತು.

ಅರ್ಜಿದಾರರ ಗಮನಕ್ಕೆ

2013ರ ಕೃತಿಸ್ವಾಮ್ಯ ನಿಯಮಗಳ ನಮೂನೆ 14ರೊಂದಿಗೆ, ಕೃತಿಯು ಸ್ವಂತದ್ದೇ ಅಥವಾ ಅನ್ಯರ ಹಕ್ಕುಳ್ಳ ಕೃತಿಯ ರೂಪಾಂತರವೇ ಎಂಬುದನ್ನು ತಿಳಿಸಬೇಕು. ರೂಪಾಂತರವಾದಲ್ಲಿ ಪಡೆದ ಅನುಮತಿಯ ವಿವರ ನೀಡಬೇಕು. ಮೂಲ ಕೋಡ್‌ನ ಮೊದಲ 10 ಮತ್ತು ಕೊನೆಯ 10 ಪುಟಗಳನ್ನು, ಒಟ್ಟು 20 ಪುಟಗಳಿಗಿಂತ ಕಡಿಮೆಯಿದ್ದಲ್ಲಿ ಪೂರ್ಣ ಕೋಡನ್ನು, ಯಾವ ಭಾಗವನ್ನೂ ಮರೆಮಾಚದೆ ಲಗತ್ತಿಸಬೇಕು.

ಪ್ರತಿ ಮಾದರಿಯನ್ನು ಪಡೆದ ಕೈಪಿಡಿ, ಆವೃತ್ತಿ, ದಿನಾಂಕ ಹಾಗೂ ಪರವಾನಗಿಯ ಹೆಸರನ್ನು ಕೋಡ್‌ನಲ್ಲಿಯೇ ಟಿಪ್ಪಣಿಯಾಗಿ ದಾಖಲಿಸುವುದು ಸೂಕ್ತ. ಹೀಗೆ ಮಾಡಿದಲ್ಲಿ ಅರ್ಜಿಯಲ್ಲಿ ನೀಡುವ ಘೋಷಣೆಗೆ ಆಧಾರವಿರುತ್ತದೆ. ತಂತ್ರಾಂಶವನ್ನು ಖರೀದಿಸುವ ಸಂಘ ಸಂಸ್ಥೆಗಳು ವಿವರ ಕೇಳಿದಾಗಲೂ ವಿಳಂಬವಿಲ್ಲದೆ ಉತ್ತರಿಸಬಹುದು. ಪರವಾನಗಿ ಸ್ಪಷ್ಟವಿಲ್ಲದಿದ್ದಲ್ಲಿ ಹಕ್ಕುದಾರರ ಲಿಖಿತ ಅನುಮತಿ ಪಡೆಯುವುದು, ಇಲ್ಲವೇ ಆ ಭಾಗವನ್ನು ಸ್ವತಃ ಬರೆಯುವುದು ಕ್ಷೇಮಕರ.