ಗಾಲ್ಫ್ ಮೈದಾನದ ಬೇಸಿಗೆ ಲೆಕ್ಕ

ಇಳಿಜಾರಿನುದ್ದಕ್ಕೂ ಹಾಸಿದ ಹಸಿರು, ನಡುವೆ ಕೊಳ, ಅಂಚಿನಲ್ಲಿ ಬಿಳಿ ಮರಳಿನ ಗುಂಡಿ, ಹಿಂದೆ ಮಂಜು ಕವಿದ ಗಿರಿಸಾಲು. ಬೆಟ್ಟದೂರಿನ ರೆಸಾರ್ಟುಗಳ ಜಾಹೀರಾತಿನಲ್ಲಿ ಗಾಲ್ಫ್ ಮೈದಾನವು ಕಾಣಿಸಿಕೊಳ್ಳುವ ಬಗೆ ಇದು. ಆಟದ ಸೊಗಸನ್ನು ಅಲ್ಲಗಳೆಯಬೇಕಾದ ಕಾರಣವಿಲ್ಲ. ಹದಿನೆಂಟು ಕುಳಿಗಳ ಒಂದು ಸುತ್ತು ಮುಗಿಸಲು ಆಟಗಾರನು ನಾಲ್ಕು ಗಂಟೆಗಳಷ್ಟು ಕಾಲ ಏಳೆಂಟು ಕಿ.ಮೀ. ನಡೆಯುತ್ತಾನೆ. ಗಾಳಿಯ ದಿಕ್ಕು, ನೆಲದ ಓರೆ, ಹುಲ್ಲಿನ ತೇವ ಎಲ್ಲವನ್ನೂ ಅಳೆದು ಚೆಂಡನ್ನು ಹೊಡೆಯುತ್ತಾನೆ. ಮೈದಾನವು ಎಷ್ಟು ಕಠಿಣವೋ ಅಷ್ಟು ಅದರ ಕೀರ್ತಿ. ವಿಚಾರ ಮಾಡಬೇಕಾದದ್ದು ಬೇರೊಂದು ಸಂಗತಿಯನ್ನು: ಆ ಹಸಿರು ಏಪ್ರಿಲ್ ತಿಂಗಳಲ್ಲಿಯೂ ಬಾಡಬಾರದೆಂದು ಬಯಸಿದಾಗ ಅದಕ್ಕೆ ಬೇಕಾಗುವ ನೀರು ಯಾರ ಪಾಲಿನದು?

ಗಾಲ್ಫ್ ಹುಟ್ಟಿದ ಸ್ಕಾಟ್ಲೆಂಡಿನಲ್ಲಿ ಈ ಪ್ರಶ್ನೆ ಏಳಲಿಲ್ಲ. ಬೇಸಾಯಕ್ಕೆ ಒದಗದ ಕಡಲಂಚಿನ ಮರಳು ದಿಬ್ಬಗಳೇ ಅಲ್ಲಿಯ ಮೊದಲ ಮೈದಾನಗಳು. ಮಳೆಯೇ ನೀರುಣಿಸುತ್ತಿತ್ತು, ಕುರಿ ಮತ್ತು ಮೊಲಗಳೇ ಹುಲ್ಲನ್ನು ಮೇಯ್ದು ಸಮಮಾಡುತ್ತಿದ್ದವು. ಆಟವು ನೆಲಕ್ಕೆ ಒಗ್ಗಿಕೊಂಡಿತ್ತು. ಬ್ರಿಟಿಷರ ಮೂಲಕ ಆಟವು ಈ ನಾಡಿಗೂ ಬಂದಿತು. ಬೆಂಗಳೂರಿನಲ್ಲಿ 1876ರಲ್ಲಿಯೇ ಗಾಲ್ಫ್ ಕ್ಲಬ್ಬು ಸ್ಥಾಪನೆಯಾಯಿತು. ಕೊಡಗಿನ ಮಡಿಕೇರಿ, ಬಿಟ್ಟಂಗಾಲಗಳಲ್ಲಿಯೂ ಮೈದಾನಗಳಿವೆ. ಒಣನಾಡುಗಳಲ್ಲಿ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳನ್ನು ಹಾಸಿ ಕುಳಿಯ ಸುತ್ತಲಿನ ಅಂಗಳವನ್ನು ಸಿದ್ಧಪಡಿಸಿಕೊಂಡು ಆಡುವ ರೂಢಿಯೂ ಇತ್ತು. ಋತುವಿಗೆ ತಕ್ಕಂತೆ ಆಡುವ ಈ ವಿವೇಕವನ್ನು ಇಂದಿನ ರೆಸಾರ್ಟು ಗಾಲ್ಫ್ ಬಹುಮಟ್ಟಿಗೆ ಕೈಬಿಟ್ಟಿದೆ.

ಈ ಮೈದಾನಗಳಲ್ಲಿ ಬಹುತೇಕ ಬೆಳೆಸುವ ಹುಲ್ಲು ರೈತನಿಗೆ ಅಪರಿಚಿತವಾದುದಲ್ಲ. ಗಣಪತಿಗೆ ಏರಿಸುವ ಗರಿಕೆಯೇ ಅದು. ಅದೇ ಗರಿಕೆಯನ್ನು ಅದರ ಆಫ್ರಿಕದ ದಾಯಾದಿಯೊಡನೆ ಸಂಕರಗೊಳಿಸಿದ ತಳಿಗಳೂ ಬಳಕೆಯಲ್ಲಿವೆ. ಬಳ್ಳಾರಿ ಸೀಮೆಯ ಎರೆಹೊಲದಲ್ಲಿ ಆಳವಾಗಿ ಅಗೆದು ಕಿತ್ತೆಸೆದರೂ ಮತ್ತೆ ಚಿಗುರುವ ಕಳೆ ಇದು. ಮಳೆಯಿಲ್ಲದೆ ಒಣಗಿದರೂ ಬೇರಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಹಾಗಿದ್ದೂ ಮೈದಾನದಲ್ಲಿ ಅದಕ್ಕೆ ಇಷ್ಟು ಆರೈಕೆ ಏಕೆ ಬೇಕು? ಕುಳಿಯ ಸುತ್ತ ಚೆಂಡು ಸರಾಗವಾಗಿ ಉರುಳಲೆಂದು ಹುಲ್ಲನ್ನು ಮೂರು ನಾಲ್ಕು ಮಿ.ಮೀ. ಎತ್ತರಕ್ಕೆ ಮೇಲಿಂದ ಮೇಲೆ ಕತ್ತರಿಸಲಾಗುತ್ತದೆ. ಎಲೆ ಕಡಿಮೆಯಾದಂತೆ ಬೇರು ಮೇಲ್ಮಣ್ಣಿನಲ್ಲಿಯೇ ಉಳಿಯುತ್ತದೆ. ಬೇರು ಆಳಕ್ಕಿಳಿಯದ ಹುಲ್ಲಿಗೆ ಪದೇಪದೇ ನೀರು ಬೇಕು. ತೇವ ಹೆಚ್ಚಿದರೆ ಶಿಲೀಂಧ್ರ ರೋಗ, ರೋಗಕ್ಕೆ ಔಷಧಿ. ಅಡಿಯಲ್ಲಿ ಹಾಸಿದ ಮರಳು ಸಾರಜನಕವನ್ನು ಹಿಡಿದಿಡಲಾರದು. ಮಳೆಗಾಲದಲ್ಲಿ ಅದು ಇಳಿಜಾರಿನಗುಂಟ ಹಳ್ಳಕ್ಕೆ ಸೇರುವ ಸಂಭವವಿದೆ. ಬರಗಾಲದ ಹುಲ್ಲನ್ನು ಹೀಗೆ ನೀರಾವರಿಯ ಬೆಳೆಯನ್ನಾಗಿ ಮಾರ್ಪಡಿಸಲಾಗಿದೆ.

ನೀರಿನ ಲೆಕ್ಕವನ್ನು ವಿದ್ಯಾರ್ಥಿಗಳೂ ಮಾಡಬಹುದು. ಬೇಸಿಗೆಯಲ್ಲಿ ಹಸಿರು ಹುಲ್ಲು ದಿನಕ್ಕೆ ಸುಮಾರು 5 ಮಿ.ಮೀ. ನೀರನ್ನು ಆವಿಯಾಗಿಸುತ್ತದೆ ಎಂದಿಟ್ಟುಕೊಂಡರೆ ಎಕರೆಗೆ 20,000 ಲೀಟರ್ ಆಗುತ್ತದೆ. 75 ಎಕರೆ ಹುಲ್ಲಿಗೆ ದಿನಕ್ಕೆ 15 ಲಕ್ಷ ಲೀಟರ್. ಜಲಜೀವನ್ ಯೋಜನೆಯು ಗ್ರಾಮೀಣರಿಗೆ ನಿಗದಿಪಡಿಸಿರುವ ತಲಾ 55 ಲೀಟರಿನ ಪ್ರಮಾಣದಲ್ಲಿ ಇದು 27,000 ಜನರ ಒಂದು ದಿನದ ನೀರು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಒಟ್ಟು 27 ಕೋಟಿ ಲೀಟರ್.

ರೆಸಾರ್ಟಿನ ಪರವಾಗಿ ವಾದಿಸುವವರು ಇಲ್ಲಿ ಒಂದು ಮಾತನ್ನು ಹೇಳಬಹುದು: 27 ಕೋಟಿ ಲೀಟರ್ ಎಂದರೆ ಒಂದು ಟಿಎಂಸಿಯ ನೂರನೆಯ ಒಂದು ಭಾಗವೂ ಅಲ್ಲ, ನದಿಗೆ ಅದೇನು ದೊಡ್ಡದು? ಲೆಕ್ಕ ಸರಿಯಾಗಿಯೇ ಇದೆ. ಅದರ ಫಲವನ್ನು ತಿಳಿಯಬೇಕಾದರೆ ಮಲೆನಾಡಿನ ಓದುಗರು ತಮ್ಮ ಹೊಳೆಯ ಜೊತೆಗೇ ಕೆಳಗಿಳಿದು ಸಿರುಗುಪ್ಪದವರೆಗೆ ಹೋಗಬೇಕು.

ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವ ತುಂಗೆ ಮತ್ತು ಭದ್ರೆಯರ ನೀರು ಹೊಸಪೇಟೆಯ ಬಳಿ ಜಲಾಶಯದಲ್ಲಿ ನಿಂತು, ಬಲದಂಡೆಯ ಕಾಲುವೆಗಳ ಮೂಲಕ ಕುರುಗೋಡು, ಸಿರುಗುಪ್ಪಗಳ ಹೊಲಗದ್ದೆಗಳಿಗೆ ಹರಿಯುತ್ತದೆ. ಬಳ್ಳಾರಿ ನಗರವು ಅಲ್ಲೀಪುರದ ಕೆರೆಯಲ್ಲಿ ಅದೇ ಕಾಲುವೆಯ ನೀರನ್ನು ತುಂಬಿಸಿಕೊಂಡು ಕುಡಿಯುತ್ತದೆ. ಮೊದಲಿಗೆ 133 ಟಿಎಂಸಿಯಿದ್ದ ಜಲಾಶಯದ ಸಾಮರ್ಥ್ಯವು ಹೂಳಿನಿಂದಾಗಿ 105 ಟಿಎಂಸಿಯ ಆಸುಪಾಸಿಗೆ ಕುಸಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಈ ಊರುಗಳ ರೈತರು ಅನುಭವಿಸಿದ ಆತಂಕವನ್ನು ನಾಡೇ ಕಂಡಿದೆ.

ಆದರೆ ಸಿರುಗುಪ್ಪ ಕಲಿಸುವ ಪಾಠ ಅದಕ್ಕಿಂತ ಹಳೆಯದು. ತುಂಗಭದ್ರಾ ಯೋಜನೆಯನ್ನು ರೂಪಿಸಿದವರು ಆಯಕಟ್ಟಿನ ಬಹುಭಾಗವನ್ನು ಜೋಳ, ಹತ್ತಿಯಂತಹ ಅರೆ ನೀರಾವರಿ ಬೆಳೆಗಳಿಗೆಂದು ಗುರುತಿಸಿದ್ದರು. ಕಾಲುವೆಯ ಮೇಲ್ಭಾಗದ ರೈತರು ಕ್ರಮೇಣ ಭತ್ತಕ್ಕೆ ತಿರುಗಿದರು. ಒಬ್ಬೊಬ್ಬನದೂ ಎರಡು ಮೂರು ಎಕರೆ. ತನ್ನೊಬ್ಬನ ನೀರಿನಿಂದ ಕಾಲುವೆ ಬತ್ತೀತೇ ಎಂದು ಪ್ರತಿಯೊಬ್ಬನೂ ನಂಬಿದ. ಪರಿಣಾಮವಾಗಿ ಮೇಲೆ ಅತಿನೀರಿನಿಂದ ಭೂಮಿ ಸವಳಾಯಿತು, ಕಾಲುವೆಯ ಕೊನೆಯ ಭಾಗದವರು ನೀರು ಕಾಣದೆ ಧರಣಿ ಕೂಡಬೇಕಾಯಿತು. ಭತ್ತವೂ ಎಕರೆಗೆ ಬೆಳೆಯೊಂದಕ್ಕೆ ಐವತ್ತು ಲಕ್ಷ ಲೀಟರಿನಷ್ಟು ನೀರು ಕುಡಿಯುತ್ತದೆ ಎಂಬುದನ್ನು ಮರೆಮಾಚಬೇಕಿಲ್ಲ. ಅನ್ನ ಕೊಡುವ ಬೆಳೆಗೇ ಮಿತಿ ಬೇಕೆಂದು ಒಪ್ಪಿದ ಮೇಲೆ ಆಟದ ಹುಲ್ಲಿಗೆ ಮಿತಿ ಬೇಡವೆನ್ನುವುದು ನ್ಯಾಯವಾಗದು.

ಮಲೆನಾಡಿನವರು ಇದುವರೆಗೆ ತಮ್ಮನ್ನು ನದಿಯ ಮೇಲ್ತುದಿಯವರೆಂದೇ ಭಾವಿಸಿದ್ದಾರೆ. ಊರಿನ ಮೇಲಣ ಗುಡ್ಡದಲ್ಲಿ ಮೈದಾನವೊಂದು ಎದ್ದರೆ ಆ ಊರೇ ಕಾಲುವೆಯ ಕೊನೆಯ ಊರಾಗುತ್ತದೆ. ದಿನಕ್ಕೆ 15 ಲಕ್ಷ ಲೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಲೀಟರಿನ ಧಾರೆ. ಜಲಾಶಯದ ಮುಂದೆ ಅದು ಹನಿ. ಏಪ್ರಿಲಿನಲ್ಲಿ ಕಲ್ಲುಗಳ ನಡುವೆ ಜಿನುಗುವ ಬೆಟ್ಟದ ಹಳ್ಳದ ಪಾಲಿಗೆ ಅದೇ ಸರ್ವಸ್ವವಾಗಬಹುದು. ಸಣ್ಣ ಹಳ್ಳಗಳು ಒಂದೊಂದಾಗಿ ಸೊರಗಿದರೆ ಬೇಸಿಗೆಯ ನದಿಗೆ ಬೇರೆ ಆಸರೆಯಿಲ್ಲ.

ಮಿತಿ ವಿಧಿಸುವುದು ಅಸಾಧ್ಯವೇನಲ್ಲ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ 1980ರ ಅಂತರ್ಜಲ ಕಾಯಿದೆಯಡಿ ದೊಡ್ಡ ನಗರಗಳ ಸುತ್ತಲಿನ ಗಾಲ್ಫ್ ಮೈದಾನಗಳು ಬಳಸುವ ನೀರಿಗೆ ಮಿತಿ ಹಾಕಲಾಗಿದೆ. ಹೊಡೆಯುವ ಜಾಗ, ಬೀಳುವ ಜಾಗಗಳಲ್ಲಿ ಮಾತ್ರ ಹುಲ್ಲು ಬೆಳೆಸಿ ನಡುವಿನ ನೆಲವನ್ನು ಇದ್ದಂತೆಯೇ ಬಿಟ್ಟ ಮೈದಾನಗಳು ಅಲ್ಲಿವೆ. ಅವುಗಳಿಂದ ಆಟದ ಕಾಠಿಣ್ಯ ಹೆಚ್ಚಿದೆಯೇ ಹೊರತು ಕುಂದಿಲ್ಲ.

ಆದುದರಿಂದ ಬೆಟ್ಟದಲ್ಲಿ ಗಾಲ್ಫ್ ರೆಸಾರ್ಟಿನ ಪ್ರಸ್ತಾಪ ಬಂದಲ್ಲೆಲ್ಲ ಗ್ರಾಮಸಭೆಯು ಮೂರು ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಬೇಕು. ಏಪ್ರಿಲಿನಲ್ಲಿ ದಿನಕ್ಕೆ ಎಷ್ಟು ಲೀಟರ್, ಯಾವ ಮೂಲದಿಂದ? ಗೊಬ್ಬರ ಔಷಧಿಗಳು ಬೆರೆತ ನೀರು ಎಲ್ಲಿ ನಿಲ್ಲುತ್ತದೆ? ಮಳೆ ಕೈಕೊಟ್ಟ ವರ್ಷ ಮೊದಲು ನೀರು ನಿಲ್ಲಿಸುವುದು ಹುಲ್ಲಿಗೋ, ಕೆಳಗಿನ ಊರಿಗೋ? ಈ ಉತ್ತರಗಳನ್ನು ಪರೀಕ್ಷಿಸಲು ಊರಿನ ಬಳಿಯೂ ಅಂಕಿ ಇರಬೇಕು. ಶಾಲಾ ಕಾಲೇಜಿನ ಮಕ್ಕಳು ಮಾರ್ಚಿನಿಂದ ಮೇ ತನಕ ವಾರಕ್ಕೊಮ್ಮೆ ಹಳ್ಳದ ಅಗಲ, ಆಳ, ನೀರಿನಲ್ಲಿ ಬಿಟ್ಟ ಎಲೆಯೊಂದು ಹತ್ತು ಅಡಿ ಸಾಗಲು ಹಿಡಿಯುವ ಸಮಯ, ಈ ಮೂರನ್ನು ಬರೆದಿಟ್ಟರೆ ಹರಿವಿನ ಅಂದಾಜು ಸಿಗುತ್ತದೆ. ಆ ನೋಟುಪುಸ್ತಕವಿಲ್ಲದ ಊರು ಸಭೆಯಲ್ಲಿ ರೆಸಾರ್ಟಿನವರು ಹೇಳಿದ ಅಂಕಿಯನ್ನೇ ನಂಬಬೇಕಾಗುತ್ತದೆ.