ನಮ್ಮ ಭಾಷೆ ಜೋಕಲ್ಲ ಸ್ವಾಮಿ

ಹೋದ ತಿಂಗಳು ಟೀಮ್ ಲಂಚಿನಲ್ಲಿ ಸಹೋದ್ಯೋಗಿಯೊಬ್ಬ ಕೇಳಿದ: "ಮಗಾ, ನಿಮ್ ಕಡೆ ಭಾಷೇಲಿ ಏನಾದ್ರೂ ಮಾತಾಡೋ, ಸಖತ್ ಕಾಮಿಡಿಯಾಗಿರತ್ತೆ." ನಾನೂ ಉತ್ಸಾಹದಿಂದ, "ಊಟ ಆತೇನಪಾ? ಮಳಿ ಬರಾಕತ್ತೈತೇನು ಅಲ್ಲಿ?" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ರೂಮಿಗೆ ಬಂದ ಮೇಲೆ ಕಸಿವಿಸಿ ಶುರುವಾಯಿತು. ನಾನು ಹೇಳಿದ್ದರಲ್ಲಿ ಜೋಕು ಎಲ್ಲಿತ್ತು? ಅದು ನಮ್ಮಪ್ಪ ದಿನಾ ರಾತ್ರಿ ಫೋನಿನಲ್ಲಿ ಕೇಳುವ ಮಾತು.

ಹೀಗೆ ನಗುವುದನ್ನು ನಮಗೆ ಕಲಿಸಿದ್ದು ಯಾರು? ಬಹುಮಟ್ಟಿಗೆ ನಮ್ಮ ಸಿನಿಮಾಗಳೇ ಎಂಬುದು ನನ್ನ ತಕರಾರು.

ನಮ್ಮದು ಮಸ್ಕಿ ಹತ್ತಿರದ ಹಳ್ಳಿ. ಸಿನಿಮಾ ಅಂದರೆ ಒಂದೋ ಸಿಂಧನೂರು, ಇಲ್ಲಾ ಲಿಂಗಸುಗೂರು. ಟಾಕೀಸಿನಲ್ಲಿ ವೈಜನಾಥ ಬಿರಾದಾರ ಪರದೆಗೆ ಬಂದರೆ ಸಾಕು, ಸೀಟಿಯೋ ಸೀಟಿ. ಹರಕು ಅಂಗಿ, ಕೆದರಿದ ಕೂದಲು. ಭಿಕ್ಷುಕ, ಇಲ್ಲದಿದ್ದರೆ ಕುಡುಕ. ಬಂದು, ಬೈಸಿಕೊಂಡು, ನಗಿಸಿ ಹೋಗಬೇಕು, ಅಷ್ಟೆ. ನಮಗೆ ಅವರ ಹೆಸರೂ ಗೊತ್ತಿರಲಿಲ್ಲ. "ಆ ಭಿಕ್ಷುಕನ ಪಾರ್ಟಿನಂವ" ಅಂತಿದ್ದೆವು. ಅವರು ಬೀದರ್ ಜಿಲ್ಲೆಯವರು, ಅಂದರೆ ನಮ್ಮದೇ ಸೀಮೆಯವರು ಎಂದು ನನಗೆ ತಿಳಿದದ್ದು ಬೆಂಗಳೂರಿಗೆ ಬಂದ ಮೇಲೆ.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ' ನೋಡಿದೆ. 2010ರ ಚಿತ್ರ. ಕಥೆ ನಮ್ಮ ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿಯವರದು. ಅದರಲ್ಲಿ ಬಿರಾದಾರ, ಗುಂಡಿ ತೋಡುವ ಇರ್ಯಾ. ಅವನ ಕನಸಿನಲ್ಲಿ ಸಿದ್ಧ ಬಂದರೆ ಊರಿನಲ್ಲಿ ಒಂದು ಸಾವು ಖಾತ್ರಿ ಎಂಬ ನಂಬಿಕೆ. ದೊಡ್ಡ ಮನೆಯವರು ತಮ್ಮ ಅನುಕೂಲಕ್ಕೆ ಒಂದು ಸಾವನ್ನು ಮುಚ್ಚಿಟ್ಟಾಗ ಈ ಬಡವನ ಕನಸೇ ಸುಳ್ಳಾಗಿಬಿಡುತ್ತದೆ. ಅದೇ ಮುಖ, ಅದೇ ಹರಕು ಅಂಗಿ. ಆದರೆ ನನಗೆ ಒಂದು ಸಲವೂ ನಗು ಬರಲಿಲ್ಲ. ಆ ಪಾತ್ರಕ್ಕೆ 2011ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವ ಅವರನ್ನು ಅತ್ಯುತ್ತಮ ನಟ ಎಂದಿತು.

ಇಷ್ಟಾದ ಮೇಲೆ ಗಾಂಧಿನಗರ ಏನು ಮಾಡಬೇಕಿತ್ತು? ಬೇರೆ ಬೇರೆ ಪಾತ್ರ ಹಿಡಿದು ಅವರ ಬಾಗಿಲಿಗೆ ಹೋಗಬೇಕಿತ್ತು. ಅವರೇ ನಾಯಕರಾದ, ಅವರ ಐನೂರನೇ ಚಿತ್ರ ಎಂದು ಪ್ರಚಾರವಾದ ಸಿನಿಮಾ ಬಂದದ್ದು 2023ರಲ್ಲಿ. ಅದರ ಹೆಸರು '90 ಬಿಡಿ ಮನೀಗ್ ನಡಿ'. ನೋಡಿ, ನಾಯಕನಾದರೂ ಎಣ್ಣೆ ಬಿಡಲಿಲ್ಲ!

"ಜನ ನಗ್ತಾರೆ, ಅದಕ್ಕೇ ಆ ಪಾತ್ರ ಕೊಡ್ತೀವಿ, ಇದು ಮಾರ್ಕೆಟ್ಟು" ಅನ್ನುವವರಿದ್ದಾರೆ. ಹಾಸ್ಯ ಕೀಳು ಅಂತ ನಾನೂ ಹೇಳುತ್ತಿಲ್ಲ. ಆ ಪಾತ್ರಗಳೇ ಅವರಿಗೆ ಅನ್ನ ಕೊಟ್ಟಿವೆ, ಅದೂ ನಿಜ. ಆದರೆ ಉಮಾಶ್ರೀಯವರನ್ನೂ ಬರೀ ಕಾಮಿಡಿಗೇ ಅಂತ ವರ್ಷಗಟ್ಟಲೆ ಕೂರಿಸಿದ್ದು ಇದೇ ಮಾರ್ಕೆಟ್ಟು. 'ಗುಲಾಬಿ ಟಾಕೀಸ್' ಸಿಕ್ಕಿದಾಗ ಅವರು ರಾಷ್ಟ್ರಪ್ರಶಸ್ತಿಯನ್ನೇ ತಂದರು. ನಟರಲ್ಲಿ ಕಸುವು ಮೊದಲೇ ಇತ್ತು. ಇಲ್ಲದಿದ್ದದ್ದು ಪಾತ್ರ ಬರೆಯುವವರ ತಲೆಯಲ್ಲಿ.

ಪಾತ್ರ ಚಿಕ್ಕದು ಎಂಬುದೂ ನೆಪವೇ. ಬ್ರಿಟಿಷ್ ನಟಿ ಜೂಡಿ ಡೆಂಚ್ 'ಶೇಕ್ಸ್‌ಪಿಯರ್ ಇನ್ ಲವ್' ಚಿತ್ರದಲ್ಲಿ ಹತ್ತು ನಿಮಿಷವೂ ಕಾಣಿಸುವುದಿಲ್ಲ. 1999ರಲ್ಲಿ ಅವರಿಗೆ ಪೋಷಕ ನಟಿ ಆಸ್ಕರ್ ಬಂತು. ಆಕೆಗೆ ಸಿಕ್ಕಿದ್ದು ರಾಣಿಯ ಪಾತ್ರ, ಅದನ್ನು ಬರೆದವರು ಅದಕ್ಕೊಂದು ಮರ್ಯಾದೆ ಇಟ್ಟಿದ್ದರು. ನಮ್ಮ ಸೀಮೆಯ ನಟನಿಗೂ ಐದೇ ನಿಮಿಷ ಕೊಡಿ, ಬೇಡ ಅನ್ನಲ್ಲ. ಆದರೆ ಆ ಐದು ನಿಮಿಷದಲ್ಲಿ ಅವನು ಒಬ್ಬ ಡಾಕ್ಟರೋ, ಮೇಷ್ಟ್ರೋ, ಮಗಳ ಮದುವೆ ಚಿಂತೆಯ ಅಪ್ಪನೋ ಯಾಕಾಗಬಾರದು?

'ಪೋಷಕ' ಅಂದರೆ ಪೋಷಿಸುವವನು, ಸಾಕುವವನು. ಸಿಂಧನೂರಿನ ಗದ್ದೆಗಳು ಅಕ್ಕಿ ಕೊಡುತ್ತವೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಬಂಗಾರ ಕೊಡುತ್ತದೆ. ರಾಯಚೂರಿನ ಶಕ್ತಿನಗರ ಕರೆಂಟು ಕೊಡುತ್ತದೆ. ರಾಜ್ಯವೆಂಬ ಸಿನಿಮಾದಲ್ಲಿ ನಮ್ಮ ಇಡೀ ಸೀಮೆಯೇ ಪೋಷಕ ನಟ. 2019ರಲ್ಲಿ 'ಹೈದರಾಬಾದ್ ಕರ್ನಾಟಕ' ಹೋಗಿ 'ಕಲ್ಯಾಣ ಕರ್ನಾಟಕ' ಆಯಿತು. ಹೆಸರು ಬದಲಾಯಿತು, ಪಾತ್ರ ಬದಲಾಗಲಿಲ್ಲ.

ಹೆಸರಿನ ವಿಷಯಕ್ಕೆ ಬಂದರೆ ನಮ್ಮ ಮಸ್ಕಿಯನ್ನು ನೆನೆಯಲೇಬೇಕು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರನ್ನು ಮೊದಲು ಕೊಟ್ಟದ್ದು 1915ರಲ್ಲಿ ಪತ್ತೆಯಾದ ಮಸ್ಕಿಯ ಬಂಡೆ. ಚಕ್ರವರ್ತಿಗೇ ಹೆಸರು ಕೊಟ್ಟ ಊರಿನವನಾದ ನಾನು, ನಮ್ಮ ಸೀಮೆಯ ನಟನೊಬ್ಬನ ಹೆಸರು ಕೇಳದೆ ಇಪ್ಪತ್ತು ವರ್ಷ ಸೀಟಿ ಹೊಡೆದೆ. ಹಾಗಾಗಿ ತಪ್ಪು ಬರೀ ಗಾಂಧಿನಗರದ್ದಲ್ಲ. ಅಪ್ಪನ ಫೋನು ಬಂದಾಗ ಸೀಟಿನಿಂದ ಎದ್ದು ಮೆಟ್ಟಿಲ ಹತ್ತಿರ ಹೋಗಿ ಪಿಸುಗುಟ್ಟುವವನು ನಾನೇ ತಾನೆ?

ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ. ಲಂಚಿನಲ್ಲಿ ಇನ್ನು ಮೇಲೆ ಐಟಂ ಮಾಡಿ ತೋರಿಸುವುದಿಲ್ಲ. ಬದಲಿಗೆ ಬೆಳಗಿನ ಮೀಟಿಂಗಿನಲ್ಲಿ, ಕನ್ನಡದವರಷ್ಟೇ ಇರುವಾಗ, "ಈ ಬಗ್ ಯಾಕ ಬಂದೈತಿ ಅಂತ ಗೊತ್ತಾಗೈತ್ರಿ, ಸಂಜೀಕ ಫಿಕ್ಸ್ ಮಾಡ್ತೀನಿ" ಅನ್ನುತ್ತೇನೆ. ಮೊದಲ ದಿನ ನಗಬಹುದು. ಸಂಜೆ ಬಗ್ ಫಿಕ್ಸ್ ಆಗಿರುತ್ತದಲ್ಲ, ಆಗ ನೋಡೋಣ.